ಅಚ್ಚಿಗೆ ಮುನ್ನ ಬದಲಾದ ಮೂಲೆ

ಇಂಗ್ಲಿಷ್ ಪದಬಂಧ ಕಟ್ಟುವ ಕಲೆಯನ್ನು ನಮ್ಮ ವಾರಪತ್ರಿಕೆಯಲ್ಲಿ ಬೇರೂರಿಸಿ, ಸಾವಿರಾರು ಓದುಗರಿಗೆ ಭಾನುವಾರದ ಚಟ ಹಿಡಿಸಿದ ಕೀರ್ತಿ ಇಂದು ನಿವೃತ್ತರಾಗುತ್ತಿರುವ ನಮ್ಮ ‘ಚೌಕದ ಮೇಷ್ಟ್ರಿಗೆ’ ಸಲ್ಲಬೇಕು. ಮಾತಿನಲ್ಲಿ ಯಾರೂ ಬಳಸದ, ಆದರೆ ಸ್ವರಗಳು ತುಂಬಿರುವುದರಿಂದ ಚೌಕಗಳಿಗೆ ಬಲು ಬೇಕಾದ ಎಮು ಎಂಬ ಹಕ್ಕಿ, ಓಬೋ ಎಂಬ ವಾದ್ಯ, ಇಗ್ಲೂ ಎಂಬ ಹಿಮದ ಮನೆ, ಇಂಥ ಪದಗಳು ಅವರಿಗೆ ನೆಂಟರಿದ್ದಂತೆ. ಆದರೂ ಒಂದನ್ನೂ ನಂಬುತ್ತಿರಲಿಲ್ಲ. ಒಂದು ನಿಘಂಟು ಹೇಳಿದ್ದನ್ನು ಇನ್ನೊಂದರಲ್ಲಿ ವಿಚಾರಿಸಿದ ಮೇಲೆಯೇ ಅವರ ಪೆನ್ಸಿಲ್ ಮುಂದೆ ಸಾಗುತ್ತಿತ್ತು.

ಅವರ ಪುಟದ ಕರಡಚ್ಚು ತಿದ್ದುವ ಕೆಲಸ ನನ್ನದಾಗಿತ್ತು. ನನ್ನ ಕಣ್ಣು ಮಂಜಾಗತೊಡಗಿದಾಗ, ನಾನು ಬಾಯಿಬಿಟ್ಟು ಹೇಳುವ ಮೊದಲೇ, ಸುಳಿವುಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಕರಡಿನ ಜೊತೆಗಿಡುತ್ತಿದ್ದರು. ಮೇಜಿನ ದೀಪ ದಿನದಿನಕ್ಕೆ ನನ್ನ ಕಡೆ ಸರಿಯುತ್ತಿತ್ತು. ಇಷ್ಟೊಂದು ಉಪಚಾರ ಏತಕ್ಕೋ ಎಂದು ನನಗೆ ಒಳಗೊಳಗೇ ಗುಮಾನಿ.

ಆ ಕಾಲದಲ್ಲಿ ಪದಬಂಧದ ಬಹುಮಾನ ಮೇಲಿಂದ ಮೇಲೆ ನಮ್ಮ ಮನೆಯಲ್ಲೇ ಇದ್ದ ನನ್ನ ನಾದಿನಿಗೆ ಬರತೊಡಗಿತು. ಕಚೇರಿಯಲ್ಲಿ ಪಿಸುಮಾತು ಎದ್ದಿತು. ನಾನು ಬಂದರೆ ಮಾತು ನಿಲ್ಲುತ್ತಿತ್ತು. ಒಂದು ಭಾನುವಾರ ಪತ್ರಿಕೆ ಬಿಡಿಸಿದವಳು ದಂಗಾದೆ. ಕೆಳಗಿನ ಬಲಮೂಲೆಗೆ ಕರಡಿನಲ್ಲಿ ನಾನು ನೋಡಿದ್ದ ಉತ್ತರ ‘ಇಗ್ಲೂ’. ಅಚ್ಚಾಗಿದ್ದು ಬೇರೆಯೇ ಪದದ ಸುಳಿವು. ಅದನ್ನು ಹಾಯುವ ಪದಗಳ ಸುಳಿವುಗಳೂ ಬದಲಾಗಿದ್ದವು. ಮೇಷ್ಟ್ರೂ ನನ್ನನ್ನು ನಂಬುವುದಿಲ್ಲವೆಂದುಕೊಂಡೆ.

ಎದುರಿಗೆ ನಾದಿನಿ ಅದೇ ಮೂಲೆಗೆ ಬಂದು ಪೆನ್ಸಿಲ್ ಕಚ್ಚುತ್ತ ಕೂತಿದ್ದಳು. “ಅತ್ತಿಗೆ, ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ, ಐದಕ್ಷರ. ನೀವು ಹೇಳ್ಬೇಡಿ ಮತ್ತೆ!”

“ಗೊತ್ತಿದ್ರೆ ತಾನೇ ಹೇಳೋದು?” ಎಂದೆ.

“ಅಯೋರ್ಟಾ!” ಎಂದು ಕೂಗಿ ಬರೆದುಕೊಂಡಳು. ಆ ವಾರವೂ ಬಹುಮಾನ ಅವಳದೇ.

ಫಲಿತಾಂಶ ಬಂದ ದಿನ ವ್ಯವಸ್ಥಾಪಕರು ಮೇಷ್ಟ್ರನ್ನೂ ನನ್ನನ್ನೂ ಕರೆಸಿದರು. “ಕರಡು ನೋಡೋದು ಅತ್ತಿಗೆ, ಗೆಲ್ಲೋದು ನಾದಿನಿ. ಭಲೇ ಸಂಸಾರ ಕಣ್ರೀ ನಿಮ್ದು! ನಾಳೆಯಿಂದ ಬರೋದು ಬೇಡ.”

ನನ್ನ ಸಂಬಳದಲ್ಲೇ ಮನೆ ನಡೆಯುತ್ತಿದ್ದ ದಿನಗಳವು. ಮೇಷ್ಟ್ರು ಮುಂದೆ ಬಂದರು.

“ಸಾರ್, ಈ ಸಲ ಒಂದು ಮೂಲೇನ ಇವರು ನೋಡಿದ ಮೇಲೆ ಬದಲಾಯಿಸ್ದೆ. ನಾನೇ ಕೈಯಾರೆ ಜೋಡಿಸಿದ್ದು, ಬೇರೆ ಯಾರೂ ನೋಡಿಲ್ಲ. ಆ ಹುಡುಗಿ ಅದನ್ನೂ ಸರಿಯಾಗೇ ತುಂಬಿದಾಳೆ. ಉತ್ತರ ಸೋರಿದೆ ಅಂದ್ರೆ ನನ್ನಿಂದಲೇ ಸೋರಿರಬೇಕು. ಕಳಿಸೋದಾದ್ರೆ ನನ್ನ ಕಳಿಸಿ.”

ವ್ಯವಸ್ಥಾಪಕರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಸರಿ, ಹೋಗಿ, ಕೆಲಸ ನೋಡಿ,” ಎಂದಷ್ಟೇ ಅಂದರು.

ಮೆಟ್ಟಿಲಿಳಿಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ: “ನಿಜ ಹೇಳಿ, ನಿಮಗೂ ನನ್ನ ಮೇಲೆ ಅನುಮಾನ ಇತ್ತಾ?”

“ಇತ್ತು ಅಕ್ಕಾ, ಅರ್ಧ,” ಎಂದರು ತಲೆ ತಗ್ಗಿಸಿ. “ಇನ್ನರ್ಧ, ನೀವು ತಪ್ಪು ಮಾಡಿಲ್ಲ ಅಂದ್ರೆ ಅದನ್ನ ತೋರಿಸೋಕೆ ನನ್ನ ಕೈಲೊಂದು ಆಧಾರ ಇರಲಿ ಅಂತ.”

‘ಛೇ, ಇರಲಿಲ್ಲ’ ಎಂದು ಅವರು ಸುಲಭವಾಗಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅಂದಿನಿಂದ ಅವರ ಯಾವ ಮಾತನ್ನೂ ನಾನು ಎರಡು ಸಲ ತೂಗಿ ನೋಡಿದ್ದಿಲ್ಲ.

ಮುಂದಿನ ಬಿಡುವಿನ ದಿನಗಳಲ್ಲಿ ಮೇಷ್ಟ್ರಿಗೆ ಆರೋಗ್ಯ, ಆಯುಸ್ಸು, ಖಾಲಿ ಚೌಕಗಳು ಧಾರಾಳವಾಗಿ ಸಿಗಲಿ. ಅನುಮಾನಪಡುವ ಅವರ ಗುಣವೂ ಮುಕ್ಕಾಗದೆ ಉಳಿಯಲಿ. ಅದರ ನೆರಳಿನಲ್ಲಿ ನಾನು ನನ್ನ ನಿವೃತ್ತಿಯವರೆಗೂ ತಲೆಯೆತ್ತಿ ದುಡಿದೆ.