ಅಂಗೈಯಗಲದ ಗಾದಿ

ಪಾಯಪ್ಪ ಕಾಕಾನಿಗೆ ಎಲ್ಲಿ ಬೇಕಾದರೂ ನಿದ್ದೆ ಬರುತ್ತಿತ್ತು. ನಮ್ಮೂರಿನ ರವಿವಾರ ಪೇಟೆ ಎಂಬ ಬಜಾರಿನ ಒಂದು ಸಗಟು ಕಾಳಿನ ಅಂಗಡಿಯಲ್ಲಿ ಅವರು ತೂಕದ ಕೆಲಸಕ್ಕಿದ್ದರು. ಮಧ್ಯಾಹ್ನ ಬುತ್ತಿ ಉಂಡು, ಪೇರಿಸಿದ ಚೀಲಗಳನ್ನೇರಿ ಅಡ್ಡಾದರೆಂದರೆ ಮುಗಿಯಿತು. ಕೆಳಗೆ ಹಮಾಲರು ಕೂಗಾಡುತ್ತಿರಲಿ, ಕೈಗಾಡಿಗಳು ಒಂದಕ್ಕೊಂದು ಸಿಕ್ಕಿಬಿದ್ದು ಬೈದಾಟ ನಡೆದಿರಲಿ, ಅವರ ಮುಖ ಗಾಳಿಯಿಲ್ಲದ ಕೆರೆಯ ಹಾಗೆ ನಿಂತುಬಿಡುತ್ತಿತ್ತು.

ಎದ್ದ ಮೇಲೆ ಕನಸು ಹೇಳುತ್ತಿದ್ದರು. ಯಾವ ಚೀಲದ ಮೇಲೆ ಮಲಗಿದರೆ ಯಾವ ಕನಸು ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

"ಜ್ವಾಳದ ಮ್ಯಾಲೆ ಮಲಗಿದ್ರ ಬರೇ ನಡಿಯೂದು. ಅಕ್ಕಿ ಮ್ಯಾಲೆ ಮದವಿ. ಬೆಲ್ಲದ ಬಾಜು ಮಾತ್ರ ಮಲಗಬಾರದು ನೋಡ ತಂಗಿ, ಬೀಗರ ಮ್ಯಾಲೆ ಬೀಗರು ಬರತಾರ, ಒಬ್ಬರೂ ಎದ್ದು ಹೋಗಂಗಿಲ್ಲ."

ಕೊತ್ತಂಬರಿ ಬೀಜದ ಚೀಲ ಬಂದ ದಿನ ಏನು ಕಂಡಿತೆಂದು ಹೇಳುತ್ತಿರಲಿಲ್ಲ. ಒಮ್ಮೆ ನಾನು ಬಹಳ ಕಾಡಿದ್ದಕ್ಕೆ, "ಅವ್ವ ಬಂದಿದ್ಲು. ಮಾರಿ ಕಾಣಲಿಲ್ಲ," ಎಂದರು. ಅವರ ತಾಯಿ ತೀರಿಕೊಂಡಾಗ ಅವರು ತೊಟ್ಟಿಲ ಕೂಸು.

ಪೇಟೆಯ ಹಿಂದಿನ ಓಣಿಯಲ್ಲಿ ಒಂದೇ ವಾಡೆಯಲ್ಲಿ ಅವರೂ ನಾವೂ ಬಾಡಿಗೆಗಿದ್ದೆವು. ನಾನಾಗ ಬಿ.ಕಾಂ. ಓದುತ್ತಿದ್ದೆ. ಕಂಡದ್ದಕ್ಕೆಲ್ಲ ತಾರೀಖು ಹಾಕಿ ಡೈರಿಯಲ್ಲಿ ಬರೆಯುವುದು ನನ್ನ ರೂಢಿ; ಕಾಕಾನ ಕನಸುಗಳನ್ನೂ ಚೀಲವಾರು ಗೀಟು ಹಾಕಿ ಎಣಿಸಿಟ್ಟಿದ್ದೆ. ಎಲ್ಲಕ್ಕಿಂತ ಹೆಚ್ಚು ಗೀಟುಗಳಿದ್ದದ್ದು ಮದುವೆಗಳಿಗೆ. ಕಾಕಾ ಮದುವೆಯಾಗಿರಲಿಲ್ಲ. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಉಂಡು, ನಮ್ಮ ಮನೆಯಲ್ಲಿ ಒಲೆ ಹೊತ್ತುವ ಹೊತ್ತಿಗೆ ಅವರು ಗೊರಕೆ ಹೊಡೆಯುತ್ತಿದ್ದರು.

ಅವರಿಗೆ ಇದ್ದವಳು ಒಬ್ಬ ಅಕ್ಕ, ಚಂಪಕ್ಕ. ಖಾನಾಪುರದ ಆಚೆ ಗುಂಜಿಯಲ್ಲಿ, ಕಾಡಿನ ಅಂಚಿನ ಹಳೆಯ ಮನೆಯಲ್ಲಿ ಒಂದೆಮ್ಮೆ ಕಟ್ಟಿಕೊಂಡು ಇರುತ್ತಿದ್ದಳು. ಅವಳಿಗೆ ನಿದ್ದೆಯೇ ಇರಲಿಲ್ಲ. ಬೆನ್ನು ನೋವು ಒಂದು ಕಾರಣ. ಇನ್ನೊಂದನ್ನು ಒಮ್ಮೆ ವಾಡೆಗೆ ಬಂದಾಗ ಅವಳೇ ನಗುತ್ತ ಹೇಳಿದ್ದಳು. ತಮ್ಮ ಸಣ್ಣವನಿದ್ದಾಗ ನಿದ್ದೆಯಲ್ಲಿ ಅವನಿಗೆ ಕೈಕಾಲು ಸೆಟೆದು ಸೆಳವು ಬರುತ್ತಿತ್ತಂತೆ. ತಾನೂ ಹುಡುಗಿಯಾಗಿದ್ದವಳು ಅವನ ಎದೆಯ ಮೇಲೆ ಕೈಯಿಟ್ಟು, ಉಸಿರು ನೋಡುತ್ತ ಕೂತಿರುತ್ತಿದ್ದಳು.

"ಇಂವಾ ತನ್ನ ನಿದ್ದಿನೂ ಮಾಡಿದ, ನನ್ನ ಪಾಲಿಂದೂ ಮಾಡಿ ಮುಗಿಸಿದ. ಈಗ ನಾ ಎಲ್ಲಿಂದ ತರಲಿ?"

ನಾವೆಲ್ಲ ನಕ್ಕೆವು. ಕಾಕಾ ನಗಲಿಲ್ಲ. ಆ ಮಾತು ಅವರಿಗೆ ಲೆಕ್ಕದಂತೆ ನಾಟಿತ್ತು. ಅಕ್ಕನ ನಿದ್ದೆಯನ್ನು ಅಕ್ಕನಿಗೆ ತಿರುಗಿ ಕೊಡಬೇಕು ಎಂದು ಅವರು ಹಟ ಹಿಡಿದದ್ದು ಅಂದಿನಿಂದ.

ಅವಳ ಬೆನ್ನಿಗೆ ಡಾಕ್ಟರು ಸಪಾಟಾದ, ಗಟ್ಟಿ ಗಾದಿ ಹೇಳಿದ್ದರು. ಊರಿನ ದೊಡ್ಡ ಅಂಗಡಿಗಳಲ್ಲಿ ಅಂಥದರ ಬೆಲೆ ಕೇಳಿ ಕಾಕಾ ಸುಮ್ಮನೆ ಹೊರಬಂದಿದ್ದರು. ಹೊಸದಾಗಿ ತೆರೆದಿದ್ದ ಸೈಬರ್ ಕೆಫೆಯಲ್ಲಿ ನಾನು ದೂರದೂರಿನ ಒಂದು ಕಂಪನಿಯ ಪುಟ ನೋಡಿದ್ದೆ. ತೆಂಗಿನ ನಾರಿನ ಗಾದಿ, ಅಗ್ಗದ್ದು, ಲಾರಿಯಲ್ಲಿ ಕಳಿಸುತ್ತಾರೆ. ಕಾಕಾನನ್ನು ಕರೆದುಕೊಂಡು ಹೋದೆ. ಕಂಪ್ಯೂಟರಿನಲ್ಲಿ ಚಿತ್ರ ಒಂದೇ ಸಲ ಬರುವ ಕಾಲವಲ್ಲ ಅದು. ಮೊದಲು ದಿಂಬಿನ ಅಂಚು ಬಂತು, ಬಹಳ ಹೊತ್ತಿಗೆ ದಿಂಬು, ಆಮೇಲೆ ಬಿಳಿಯ ಹಾಸು ಎಳೆ ಎಳೆಯಾಗಿ ಇಳಿಯತೊಡಗಿತು. ಪಂಖಾದ ಗಾಳಿಗೆ ಬಾಗಿಲ ಪರದೆ ಅಲ್ಲಾಡುತ್ತಿತ್ತು. ಗಾದಿ ಪೂರ್ತಿ ಮೂಡಿದ ಮೇಲೆ ತಿರುಗಿ ನೋಡಿದರೆ, ಕಾಕಾ ಖುರ್ಚಿಯಲ್ಲೇ ನಿದ್ದೆ ಹೋಗಿದ್ದರು.

ಎಬ್ಬಿಸಿದೆ. "ನೀರಾಗ ತೇಲಾಕತ್ತಿದ್ನಿ," ಅಂದರು. "ಗಾದಿ ಛಲೋ ಕಾಣತೈತಿ. ಖರೇ, ಕೈ ಹಾಕದ ಹ್ಯಾಂಗ ತಗೊಳ್ಳೂದು?"

ಪೇಟೆಯಲ್ಲಿ ಚೀಲಕ್ಕೆ ಚೂಪಾದ ಕೊಳವೆ ಚುಚ್ಚಿ, ಒಂದು ಹಿಡಿ ಕಾಳು ಅಂಗೈಗೆ ಸುರಿದು, ಊದಿ, ಹಲ್ಲಿಗೆ ಕಚ್ಚಿ ನೋಡದೆ ಯಾರೂ ವ್ಯಾಪಾರ ಮಾಡುವುದಿಲ್ಲ. ಆ ಒಂದು ಹಿಡಿ ಹೇಗಿದೆಯೋ ಇಡೀ ಚೀಲ ಹಾಗೆ. ಕಾಕಾ ಇಷ್ಟು ವರ್ಷ ಬದುಕಿದ್ದು ಅದನ್ನು ನಂಬಿಕೊಂಡೇ. ಹಾಗಾಗಿ ನಾನು ಕಂಪನಿಗೆ ಬರೆದು ಸ್ಯಾಂಪಲ್ ಕೇಳಿದೆ. ಟಪಾಲಿನಲ್ಲಿ ಬಂತು: ಒಂದು ಅಂಗೈಯಗಲದ ತುಂಡು, ಮೇಲೆ ಹೂವಿನ ಬಟ್ಟೆ.

ಕಾಕಾ ಅದರ ಮೇಲೆ ಮಲಗಲು ಶುರುಮಾಡಿದರು. ಒಂದು ದಿನ ತಲೆಯ ಕೆಳಗೆ, ಮರುದಿನ ಎಡ ಭುಜದ ಕೆಳಗೆ, ಆಮೇಲೆ ಬಲ ಭುಜ, ನಡು, ಮೊಣಕಾಲು. ಬೆಳಿಗ್ಗೆ ನಳದ ಹತ್ತಿರ ನಿಂತು ನನಗೆ ವರದಿ ಒಪ್ಪಿಸುತ್ತಿದ್ದರು. ನಾನು ಡೈರಿಯಲ್ಲಿ ಒಂದು ಮನುಷ್ಯಾಕೃತಿ ಬರೆದು, ಮುಗಿದ ಭಾಗಕ್ಕೆ ಪೆನ್ಸಿಲ್ ಬಣ್ಣ ತುಂಬುತ್ತಿದ್ದೆ. ಹಿಮ್ಮಡಿಗೂ ಬಣ್ಣ ಬಿದ್ದ ದಿನ ಕಾಕಾ, "ಆತು ತಂಗಿ. ಬಿಡಿ ಬಿಡಿಯಾಗಿ ಪೂರಾ ಗಾದಿ ಮ್ಯಾಲೆ ಮಲಗಿದಂಗಾತು. ಹಾಸಿಗಿ ಖರೇ ಐತಿ," ಅಂದರು.

ಕೊಡ ತುಂಬುತ್ತಿದ್ದ ನಮ್ಮವ್ವ ತಲೆಯೆತ್ತಿದಳು. "ಅಲ್ರಿ ಪಾಯಪ್ಪಣ್ಣ, ನಿಮ್ಮನ್ನ ಒಯ್ದು ಜಲ್ಲಿ ಕಲ್ಲಿನ ಮ್ಯಾಲೆ ಒಗದ್ರೂ ನಿದ್ದಿ ಬರತೈತಿ. ನೀವು ಪರೀಕ್ಷಾ ಮಾಡಿದ್ರ ಏನ ಬಂತ್ರಿ?"

ಕಾಕಾ ಹಲ್ಲುಜ್ಜುವುದನ್ನು ನಿಲ್ಲಿಸಿ ಹಾಗೇ ನಿಂತರು. ಇದು ಅವರಿಗೂ ಹೊಳೆದಿರಲಿಲ್ಲ, ಬಣ್ಣ ತುಂಬುತ್ತಿದ್ದ ನನಗೂ ಹೊಳೆದಿರಲಿಲ್ಲ. ಮುಂದಿನ ರವಿವಾರ ಕಾಕಾ ತುಂಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಗುಂಜಿಗೆ ಹೊರಟರು.

ಚಂಪಕ್ಕ ಅದನ್ನು ಮೊದಲು ಒಂದು ಕಾಲು ಮಡಚಿ ಕೂತು ಹುಣಸೆಹಣ್ಣು ಬಿಡಿಸುವಾಗ ಮೊಣಕಾಲಿನ ಕೆಳಗಿಟ್ಟುಕೊಂಡಳಂತೆ. ತಮ್ಮ ಬೇಡಿಕೊಂಡ ಮೇಲೆ ನಡುವಿನ ಕೆಳಗಿಟ್ಟುಕೊಂಡು ಸ್ವಲ್ಪ ಹೊತ್ತು ಅಡ್ಡಾದಳು. ಮಾಳಿಗೆ ನೋಡುತ್ತ ಹೇಳಿದಳು, "ಹೂಂ. ಒಂದ ಅಂಗೈಯಷ್ಟು ನೋವು ಕಡಿಮಿ ಆತು ನೋಡ."

ಕಾಕಾ ಮರಳಿ ಬಂದು ಚಪ್ಪಲಿ ಬಿಡುವ ಮೊದಲೇ ನಮ್ಮ ಬಾಗಿಲಲ್ಲಿ ನಿಂತಿದ್ದರು. "ಅಂಗೈಯಷ್ಟಕ್ಕ ಅಂಗೈಯಷ್ಟು ಹೋತಂದ್ರ, ಪೂರಾ ಗಾದಿಗೆ ಪೂರಾ ಹೋಗಬೇಕಲ್ಲ? ಬರಿ ತಂಗಿ, ಕಂಪ್ಯೂಟರದಾಗ ಬರಿ."

ಮಳೆಗಾಲಕ್ಕೆ ಮುಂಚೆ ಗಾದಿ ಲಾರಿ ಆಫೀಸಿಗೆ ಬಂತು. ಮಡಚುವಂಥದ್ದಲ್ಲ. ಗೋಣಿತಟ್ಟು ಹೊಲಿದ ಆ ಗಾದಿಯನ್ನು ಒಂದು ಬಾಗಿಲನ್ನು ಹೊತ್ತ ಹಾಗೆ ನೆಟ್ಟಗೆ ಹಿಡಿದು, ಅವರೂ ನಾನೂ ಪ್ಯಾಸೆಂಜರ್ ಗಾಡಿ ಹತ್ತಿದೆವು. ಖಾನಾಪುರದಲ್ಲಿ ಹತ್ತಿದ ಒಬ್ಬ ಹಾಲಿನವನು, "ಏನ ಕಾಕಾ, ಈ ವಯಸ್ಸಿನಾಗ ಮದವಿ ಗಾದಿ ಏನು?" ಎಂದು ಚೇಷ್ಟೆ ಮಾಡಿದ.

"ನಮ್ಮಕ್ಕನ ನಿದ್ದಿ ಐತೋ ಮಾರಾಯ. ಕ್ಯಾನ ಸ್ವಲ್ಪ ಆ ಕಡೆ ಸರಸು, ಹಾಲು ಚೆಲ್ಲೀತು."

ಅವನು ಕ್ಯಾನು ಸರಿಸಿದ. ಕಿಟಕಿಯಾಚೆ ಗಿಡಗಳು ಹಿಂದಕ್ಕೆ ತೇಲಿಹೋಗುತ್ತಿದ್ದವು. ಗಾದಿಗೆ ಕೆನ್ನೆಯಾನಿಸಿ, ನಿಂತುಕೊಂಡೇ ಕಾಕಾ ಕಣ್ಣು ಮುಚ್ಚಿದ್ದರು.

ಚಂಪಕ್ಕ ಕಾಲು ತೊಳೆದುಕೊಂಡು ಬಂದು ಗಾದಿಯ ಅಂಚಿನಲ್ಲಿ ಕೂತಳು. ಅಂಗೈಯಿಂದ ಒತ್ತಿ ನೋಡಿ ಮೆಲ್ಲಗೆ ಒರಗಿದಳು. "ಛಲೋ ಐತಿ. ಬೆನ್ನಿಗೆ ಹಿತ ಅನಸತೈತಿ," ಎಂದಳು. ಕಾಕಾ ಪಕ್ಕದಲ್ಲೇ ಚಾಪೆ ಹಾಸಿ, ಅವಳಿಗೆ ಮಾದರಿ ತೋರಿಸುವವರಂತೆ ಮಲಗಿ ಕ್ಷಣದಲ್ಲಿ ನಿದ್ದೆ ಹೋದರು. ಚಂಪಕ್ಕನ ಕಣ್ಣು ಮುಚ್ಚಲೇ ಇಲ್ಲ. ಅವಳು ತಮ್ಮನ ಕಡೆ ಹೊರಳಿ, ಅವನ ಎದೆ ಏರಿಳಿಯುವುದನ್ನು ನೋಡುತ್ತಿದ್ದಳು. ಸಂಜೆಯ ಗಾಡಿಗೆ ನಾವು ಹೊರಟಾಗ ಕಾಕಾನ ಮುಖ ಬಾಡಿತ್ತು. "ಅಂಗೈ ಖರೇ ಹೇಳಿತ್ತು. ಚೀಲ ಯಾಕ ಸುಳ್ಳಾತು?" ಎಂದು ಒಂದೇ ಸಲ ಕೇಳಿದರು.

ಆ ದೀಪಾವಳಿಯ ನಂತರ ಕಾಕಾ ಅಂಗಡಿ ಬಿಟ್ಟು ಗುಂಜಿಗೇ ಹೋಗಿ ಉಳಿದರು. ಮರುವರ್ಷದ ಮಳೆಗಾಲದಲ್ಲಿ ತೀರಿಕೊಂಡರು. ಆಗ ನಾನು ಹುಬ್ಬಳ್ಳಿಯಲ್ಲಿ ನೌಕರಿಗೆ ಸೇರಿದ್ದೆ. ಸುದ್ದಿ ತಿಳಿದದ್ದು ತಡವಾಗಿ.

ಅವರನ್ನು ಕೊನೆಯ ಸಲ ಕಂಡದ್ದು ಆ ನೌಕರಿಯ ಸುದ್ದಿ ಹೇಳಲೆಂದು ಪೇಡೆ ಕಟ್ಟಿಸಿಕೊಂಡು ಗುಂಜಿಗೆ ಹೋದ ಮಧ್ಯಾಹ್ನ. ಕಾಕಾ ಹೊಸ್ತಿಲ ಒಳಗೆ, ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟರು. ಒಳಗೆ ಗಾದಿಯ ಮೇಲೆ ಚಂಪಕ್ಕ ಬಾಯಿ ಅರೆತೆರೆದು, ಒಂದು ಕೈ ನೆಲಕ್ಕೆ ಜಾರಿಬಿಟ್ಟು, ಗಾಢ ನಿದ್ದೆಯಲ್ಲಿದ್ದಳು.

ನಾನು ಪಕ್ಕದಲ್ಲಿ ಕೂತೆ. ಕಾಕಾ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

"ನಾ ಮಲಗಿದ್ರ ಅಕಿ ಎಚ್ಚರ ಇರತಾಳ ತಂಗಿ. ಸಣ್ಣಾಕಿ ಇದ್ದಾಗಿಂದ ಅದ ರೂಢಿ. ನಾ ಎಚ್ಚರ ಕುಂತ್ರ ಮಲಗತಾಳ."

"ಮತ್ತ ನೀವು, ಕಾಕಾ?"

"ನಂದು ಭಾಳ ಆಗೇತಿ."

ಅವರ ಕಣ್ಣು ಕೆಂಪಗಿದ್ದವು, ಕೆಳಗೆ ಕಪ್ಪು ಕಟ್ಟಿತ್ತು. ಅಂಗಳದಲ್ಲಿ ಎಮ್ಮೆ ಬಾಲ ಬಡಿಯಿತು. ಅವರು ಅದಕ್ಕೂ ಕೈ ಎತ್ತಿ ಸುಮ್ಮನಿರು ಎಂದರು. ಪೇಡೆಯ ಪೊಟ್ಟಣ ಬಿಚ್ಚಿದರೆ ಕಾಗದ ಸದ್ದಾದೀತೆಂದು ಹಾಗೇ ತೊಡೆಯ ಮೇಲಿಟ್ಟುಕೊಂಡೆ. ಸುದ್ದಿಯನ್ನೂ ಹೇಳಲಿಲ್ಲ. ಬಿಸಿಲು ಅಂಗಳ ದಾಟಿ ಹೊಸ್ತಿಲಿಗೆ ಸರಿಯುವ ತನಕ ಮೂವರೂ ಹಾಗೆಯೇ ಇದ್ದೆವು.

ನನ್ನ ಗಾಡಿಯ ಹೊತ್ತಾಯಿತು. ಪೊಟ್ಟಣವನ್ನು ಅವರ ಪಕ್ಕದಲ್ಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಎದ್ದೆ. ಕಾಕಾ ಏಳಲಿಲ್ಲ. ಕತ್ತು ಮಾತ್ರ ತಿರುಗಿಸಿ ನಕ್ಕು, ಮತ್ತೆ ಒಳಗೆ ನೋಡತೊಡಗಿದರು.