ಮುಕ್ಕಾಲು ತಾಸಿನ ಮಾತು

ಗದಗ ಜಿಲ್ಲೆಯಾದ ಹೊಸದರಲ್ಲಿ ಸಭೆ-ಸಮಾರಂಭಗಳಿಗೆ ಬರವಿರಲಿಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಂದು ಕರೆದಲ್ಲೆಲ್ಲ ಬಸ್ಸು ಹತ್ತಿ ಹೋಗಿ ಭಾಷಣ ಮಾಡಿ ಬರುತ್ತಿದ್ದೆ. ಶಾಲು, ಹಾರ, ಹಣ್ಣು ಕೊಟ್ಟು ಕೈ ಮುಗಿಯುತ್ತಿದ್ದರು. ಶಾಲುಗಳಿಂದ ಟ್ರಂಕು ತುಂಬಿದ ಮೇಲೆ ಸಂಭಾವನೆ ಕೇಳತೊಡಗಿದೆ. "ಹೆಣ್ಣಮಗಳು ಮಾತಿಗೆ ರೊಕ್ಕಾ ಕೇಳ್ತಾಳ" ಎಂದು ದೊಡ್ಡ ಸುದ್ದಿಯಾಯಿತು. ಪೆಂಡಾಲಿನವನು ಕೇಳುತ್ತಾನೆ, ಮೈಕಿನವನು ಕೇಳುತ್ತಾನೆ. ಆ ಮೈಕಿನ ಮುಂದೆ ನಿಂತವಳು ಮಾತ್ರ ಕೇಳಬಾರದೇ? ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗಂತೂ ಮಾತು ಬಂದ ಮೇಲೆಯೇ ಜಗಳ ಶುರುವಾಯಿತು.

ಪುಕ್ಕಟೆ ಮಾತಾಡುವಾಗ ಬಸ್ಸಿನಲ್ಲೇ ನಾಲ್ಕು ಸಾಲು ಹೊಂದಿಸಿಕೊಳ್ಳುತ್ತಿದ್ದೆ. ರೊಕ್ಕ ಕೇಳಿದ ಮೇಲೆ ಹಾಗೆ ನಡೆಯದು. ಬೆಟಗೇರಿಯ ನಮ್ಮ ಮನೆಯಲ್ಲಿ ಅವ್ವ ಸೀರೆ ನೇಯುತ್ತಿದ್ದಳು. ಅವಳ ಮಗ್ಗದ ಎದುರು ನಿಂತು ಇಡೀ ಭಾಷಣ ಒಪ್ಪಿಸುತ್ತಿದ್ದೆ. ಅವ್ವ ಹೊಗಳಿದವಳಲ್ಲ, ತೆಗಳಿದವಳೂ ಅಲ್ಲ. ಮಗ್ಗದ ಸದ್ದು ನಡೆದೇ ಇದ್ದರೆ ನನ್ನ ಮಾತು ಸಪ್ಪೆ ಎಂದರ್ಥ; ಆ ಸಾಲನ್ನು ಹೊಡೆದು ಹಾಕುತ್ತಿದ್ದೆ. ಅವಳ ಕೈ ನಿಂತು ಮುಖ ಮೇಲೆದ್ದರೆ ಆ ಮಾತು ಉಳಿಯುತ್ತಿತ್ತು.

ಒಮ್ಮೆ ಮುಂಡರಗಿಯ ಮಹಿಳಾ ಸಮಾರಂಭವೊಂದಕ್ಕೆ ಕರೆದರು. ಹೆಂಗಸರ ದುಡಿಮೆಯ ಬಗ್ಗೆ ಮುಕ್ಕಾಲು ತಾಸು ಮಾತಾಡಬೇಕು. ನಾನು ಹೇಳಿದ ಸಂಭಾವನೆಗೆ ಒಪ್ಪಿದ್ದರು. ಎಂಟು ದಿನ ತಯಾರಿ ನಡೆಸಿದೆ. ಅವ್ವನ ಮಗ್ಗ ನಾಲ್ಕು ಸಲ ನಿಂತಿತು, ನಾನು ಹಿಗ್ಗಿಹೋದೆ.

ಅಲ್ಲಿ ಹೋಗಿ ನೋಡಿದರೆ ವೇದಿಕೆಯ ತುಂಬ ಗಂಡಸರು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಸನ್ಮಾನ. "ಎರಡೇ ಮಾತು" ಎಂದವರೆಲ್ಲ ಅರ್ಧರ್ಧ ತಾಸು ತಿಂದರು. ನನ್ನ ಸರದಿ ಬರುವಷ್ಟರಲ್ಲಿ ಊಟದ ಹೊತ್ತು. ಸಂಘಟಕರು ನನ್ನ ಕುರ್ಚಿಯ ಹಿಂದೆ ಬಗ್ಗಿದರು.

"ಅಕ್ಕಾರ, ಐದ ನಿಮಿಷದಾಗ ಮುಗಿಸಿಬಿಡ್ರಿ. ಪಾಕೀಟು ಪೂರಾ ಐತಿ, ಕಾಳಜಿ ಮಾಡಬ್ಯಾಡ್ರಿ."

ಮೈಯೆಲ್ಲ ಉರಿದುಹೋಯಿತು. ಅವ್ವ ಎಂದೂ ಅರ್ಧ ಸೀರೆ ನೇಯ್ದು ಪೂರಾ ಕೂಲಿ ಇಸಿದುಕೊಂಡವಳಲ್ಲ.

"ಪೂರಾ ಕೊಡೂದಿದ್ರ ಪೂರಾ ಕೇಳ್ರಿ" ಎಂದು ಎದ್ದೆ. ಮೈಕಿನಲ್ಲೂ ಹೇಳಿಬಿಟ್ಟೆ: "ಹಸದೋರು ಊಟಕ್ಕ ಏಳ್ರಿ, ನನಗೇನೂ ಬ್ಯಾಸರಿಲ್ಲ. ನಾ ಮುಕ್ಕಾಲ ತಾಸು ಮಾತಾಡಾಕ ಬಂದೀನಿ."

ವೇದಿಕೆಯ ಗಂಡಸರೇ ಮೊದಲು ಎದ್ದರು. ನೋಡನೋಡುತ್ತ ಮುಂದಿನ ಸಾಲುಗಳೂ ಖಾಲಿಯಾದವು. ಬೇಸರವಿಲ್ಲ ಎಂದದ್ದು ಸುಳ್ಳು. ಪರದೆಯ ಹಿಂದೆ ಅಡುಗೆಯ ಹೆಂಗಸರು ಪಟಪಟ ರೊಟ್ಟಿ ಬಡಿಯುತ್ತಿದ್ದರು. ಆ ಸದ್ದಿನಲ್ಲಿ ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುತ್ತಿದ್ದೇನೆ ಅನ್ನಿಸಿತು. 'ಮುಗಿಸಿರಿ' ಎಂಬ ಚೀಟಿಯೂ ಬಂತು. ನೀರಿನ ಲೋಟದ ಕೆಳಗಿಟ್ಟೆ.

"ನೇಯ್ದಾಕಿ ಹೆಸರು ಸೀರಿ ಮ್ಯಾಲೆ ಇರೂದಿಲ್ಲ" ಎಂದೆ. ಅವ್ವನ ಕೈ ನಿಲ್ಲಿಸಿದ್ದ ಸಾಲು ಅದು. ಮುಂದಿನದು ಅಲ್ಲೇ ಹುಟ್ಟಿತು: "ರೊಟ್ಟಿ ಬಡದಾಕಿ ಹೆಸರೂ ಇವತ್ತಿನ ಕರಪತ್ರದಾಗ ಇಲ್ಲ."

ಪರದೆಯ ಹಿಂದಿನ ಸದ್ದು ನಿಂತಿತು.

ಒಬ್ಬಳು ಪರದೆ ಸರಿಸಿ ನೋಡಿದಳು. ಆಮೇಲೆ ಐದಾರು ಜನ, ಹಿಟ್ಟಿನ ಕೈಯಲ್ಲೇ ಬಂದು, ಗಣ್ಯರು ಬಿಟ್ಟುಹೋದ ಮುಂದಿನ ಕುರ್ಚಿಗಳಲ್ಲಿ ಕುಳಿತರು. ರೊಟ್ಟಿಯಿಲ್ಲದೆ ಊಟದ ಪಂಕ್ತಿ ನಡೆಯುವಂತಿರಲಿಲ್ಲ. ಊಟಕ್ಕೆ ಹೋದವರೂ ಒಬ್ಬೊಬ್ಬರಾಗಿ ಹಿಂದಿರುಗಿ ಪೆಂಡಾಲಿನ ಕೊನೆಯಲ್ಲಿ ನಿಂತುಕೊಂಡರು. ನಾನು ಒಂದು ಸಾಲನ್ನೂ ಬಿಡಲಿಲ್ಲ.