ಒತ್ತಿದರೆ ಉಳಿಯುವ ಗುಳಿ

ಅಮ್ಮನ ಸ್ಕ್ಯಾನ್ ಚೀಲವನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಯಾವುದೋ ಜವಳಿ ಅಂಗಡಿಯವರು ಕೊಟ್ಟ ದಪ್ಪ ಪ್ಲಾಸ್ಟಿಕ್ ಚೀಲ ಅದು. ಒಳಗೆ ಮೊಣಕಾಲಿನ ಎಕ್ಸ್‌ರೇ ಎರಡು, ಸೊಂಟದ್ದು ಒಂದು, ಹೊಟ್ಟೆಯ ಸ್ಕ್ಯಾನು, ಕಾಲಿನ ರಕ್ತನಾಳದ ಸ್ಕ್ಯಾನು. ಒಂದು ವರ್ಷವಿಡೀ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕುಂದಾಪುರಕ್ಕೂ ಬ್ರಹ್ಮಾವರಕ್ಕೂ ಬಸ್ಸು ಹತ್ತಿ ಇಳಿದೆವು. ಅಷ್ಟು ಫಿಲ್ಮುಗಳಲ್ಲಿ ಒಂದರಲ್ಲೂ ಅಮ್ಮನ ರೋಗ ಇರಲಿಲ್ಲ.

ಅಮ್ಮ ತ್ರಾಸಿಯವಳು. ನಲವತ್ತು ವರ್ಷ ತಲೆಯ ಮೇಲೆ ಮೀನು ಹೊತ್ತು ಕಿರಿಮಂಜೇಶ್ವರದ ಓಣಿಗಳಲ್ಲಿ ಮಾರಿದವಳು. ಅವಳ ಮಗಳು ನಾನು, ಯಡ್ತರೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬಂದರಿನಲ್ಲಿ ಮೀನು ಕೊಳ್ಳುವಾಗ ಅಮ್ಮನದು ಒಂದೇ ಪರೀಕ್ಷೆ. ಕಿವಿರು ಎತ್ತಿ ನೋಡಿ, ಆಮೇಲೆ ಹೆಬ್ಬೆರಳಿನಿಂದ ಮೈ ಒತ್ತುವುದು. ಮಾಂಸ ಕೂಡಲೇ ಮೇಲೆ ಬಂದರೆ ಕೊಳ್ಳುತ್ತಾಳೆ. ಗುಳಿ ಹಾಗೇ ಉಳಿದರೆ ಹಳೆಯ ಮೀನು, ಮುಟ್ಟುವುದಿಲ್ಲ. ಕೆಲವು ದಿನ ಬೇರೆ ಗತಿಯಿಲ್ಲದೆ ಅಂಥದ್ದನ್ನೇ ತರಬೇಕಾದರೆ ಗಿರಾಕಿಗೆ ತಾನೇ ಹೇಳಿಬಿಡುತ್ತಿದ್ದಳು. "ಇವತ್ತ್ ಬಂಗ್ಡಿ ತಕಣ್ಬ್ಯಾಡಿ ಅಮ್ಮಾ, ಗುಳಿ ಬೀಳತ್ತ್."

ಅವಳ ಕಾಲು ಊದತೊಡಗಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಂದರಿನಲ್ಲಿ ಕರಗಿದ ಐಸಿನ ನೀರಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಹೆಂಗಸರು ಅದನ್ನು ಐಸ್ ಊತ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಕಾಯಿಲೆಯೇ ಅಲ್ಲ, ಕಸುಬಿನ ಜೊತೆ ಬರುವ ಒಂದು ಗುರುತು. ಹಾಗಾಗಿ ಯಾವ ಡಾಕ್ಟರು ಕೇಳಿದರೂ ಅಮ್ಮ ಊತದ ಸುದ್ದಿ ಎತ್ತುತ್ತಿರಲಿಲ್ಲ. ಗಂಟು ನೋವು ಅನ್ನುತ್ತಿದ್ದಳು. ಸೀರೆ ಎತ್ತಿ ತೋರಿಸುವ ಪ್ರಶ್ನೆಯೇ ಇಲ್ಲ. ಡಾಕ್ಟರುಗಳೂ ಎತ್ತಿ ನೋಡಲಿಲ್ಲ ಎನ್ನುವುದು ಬೇರೆ ಮಾತು. ಅವರು ಬಾಯಿ ತೆರೆಯುವ ಮೊದಲೇ ನಾನು ಚೀಲವನ್ನು ಮೇಜಿನ ಮೇಲಿಟ್ಟು, "ಇನ್ನೊಂದು ಸ್ಕ್ಯಾನ್ ಬರೆದುಕೊಡಿ ಸರ್" ಅನ್ನುತ್ತಿದ್ದೆ. ಅವರು ಫಿಲ್ಮು ನೋಡುತ್ತಿದ್ದರು, ಬರೆದುಕೊಡುತ್ತಿದ್ದರು.

ಇದರ ಮೇಲೆ ಮಾಮನ ಕಾಟ. ಮಾಮ ಅಂದರೆ ಅಮ್ಮನ ತಮ್ಮ. ಬೊಂಬಾಯಿಯ ಕ್ಯಾಂಟೀನುಗಳಲ್ಲಿ ದುಡಿದು ಬಂದು ಈಗ ಅಮ್ಮನ ಪಕ್ಕದ ಮನೆಯಲ್ಲೇ ಇದ್ದಾನೆ. ಪ್ರತಿ ಫಿಲ್ಮನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದ. "ಇಲ್ಲ್ ಕಾಣ್ ಮಗಾ, ಗ್ಯಾಪ್ ಇತ್ತ್. ಬೊಂಬಾಯಂಗೆ ನಮ್ಮ ಸೇಠನಿಗೂ ಹೀಂಗೇ ಇದ್ದಿತ್." ಫಿಲ್ಮು ತಲೆಕೆಳಗಾಗಿದೆ ಎಂದು ಎಷ್ಟು ಸಲ ಹೇಳಿದರೂ ತಿರುಗಿಸುತ್ತಿರಲಿಲ್ಲ. ತಿರುಗಿಸಿದರೆ ಗ್ಯಾಪು ಹೋಗಿಬಿಡುತ್ತದೆಯೋ ಏನೋ.

ಹೊಟ್ಟೆಯ ಸ್ಕ್ಯಾನಿಗೆ ಬ್ರಹ್ಮಾವರಕ್ಕೆ ಹೋದ ದಿನವಂತೂ ನನಗೆ ಸಾಕುಸಾಕಾಯಿತು. ಬೆಳಿಗ್ಗೆ ಏನೂ ತಿನ್ನಬಾರದು, ಬರೀ ನೀರು ಕುಡಿಯಬಹುದು ಅಂದಿದ್ದರು. ಹಿಂದಿನ ದಿನ ಫೋನಿನಲ್ಲಿ ಮೂರು ಸಲ ಹೇಳಿದ್ದೆ. ಬಸ್ಸು ಕೋಟ ದಾಟಿದ ಮೇಲೆ ಅಮ್ಮ ನಿಧಾನಕ್ಕೆ, ಎರಡು ಲೋಟ ಗಂಜಿ ತೆಳಿ ಕುಡಿದು ಬಂದೆ ಅಂದಳು.

"ನೀರ್ ಮಾತ್ರ ಅಂದಿದ್ರಲೆ ಅಮ್ಮ."

"ತೆಳಿ ನೀರೇ ಅಲ್ದಾ? ಒಂದ್ ಅನ್ನದ್ ಅಗುಳ್ ಇದ್ದಿತಿಲ್ಲೆ. ಉಪ್ಪ್ ಹಾಕಿ ಕುಡ್ದದ್ದ್, ಅಷ್ಟೇ."

ಸ್ಕ್ಯಾನಿನವರು ನಾಳೆ ಬನ್ನಿ ಅಂದರು. ಮರುದಿನ ಮತ್ತೆ ಅಂಗಡಿ ಮುಚ್ಚಿ, ಮದುವೆ ಮನೆಯವರ ಬ್ಲೌಸು ಹಾಗೇ ಬಿಟ್ಟು ಹೋದೆ. ರಿಪೋರ್ಟಿನಲ್ಲಿ ಲಿವರಿಗೆ ಸ್ವಲ್ಪ ಕೊಬ್ಬು ಎಂದು ಬಂತು. ಅಲ್ಲಿಂದ ಒಂದು ತಿಂಗಳು ಮಾಮ ಲಿವರನ್ನೇ ಹಿಡಿದುಕೊಂಡ.

ಇಷ್ಟೆಲ್ಲ ಆಗುವಾಗ ಅಮ್ಮ ಏರು ದಾರಿಯ ಮನೆಗಳಿಗೆ ಮೀನು ಕೊಡುವುದನ್ನು ಬಿಟ್ಟಿದ್ದಳು. ನಾಲ್ಕು ಹೆಜ್ಜೆಗೊಮ್ಮೆ ಬುಟ್ಟಿ ಇಳಿಸುತ್ತಿದ್ದಳು. ಮಲಗುವಾಗ ಒಂದಿದ್ದ ದಿಂಬು ಎರಡಾಯಿತು, ಮೂರಾಯಿತು, ಕಡೆಗೆ ಗೋಡೆಗೆ ಒರಗಿ ಕೂತೇ ನಿದ್ದೆ. ಕೇಳಿದರೆ ಸೆಕೆ ಅನ್ನುತ್ತಿದ್ದಳು. ಒಂದು ಭಾನುವಾರ ನಾನು ಅವಳ ಮನೆಯಲ್ಲಿ ಉಳಿದಿದ್ದಾಗ, ಅಮ್ಮ ನನ್ನ ದಿಂಬನ್ನೂ ಎಳೆದುಕೊಂಡಳೆಂದು ರೇಗಿದ್ದೆ. ಆ ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಕೊನೆಗೆ ರೋಗ ಸಿಕ್ಕಿದ್ದು ಒಂದು ಮೀನಿನ ಮುಳ್ಳಿನ ದೆಸೆಯಿಂದ. ಅಮ್ಮನ ಹೆಬ್ಬೆರಳಿಗೆ ಮುಳ್ಳು ಚುಚ್ಚಿ ಕೀವಾಯಿತು. ಇಂಜೆಕ್ಷನ್ ಕೊಡಿಸೋಣವೆಂದು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಡಾಕ್ಟರಮ್ಮ, ಸಣ್ಣ ಪ್ರಾಯ. ಅಮ್ಮ ಬೆರಳು ಚಾಚಿದಳು. ಡಾಕ್ಟರಮ್ಮ ಬೆರಳಿಗಿಂತ ಹೆಚ್ಚು ಹೊತ್ತು ಅಮ್ಮನ ಕುತ್ತಿಗೆಯಲ್ಲಿ ಉಬ್ಬಿದ ನರವನ್ನೇ ನೋಡಿದರು.

"ಸ್ವಲ್ಪ ಮಲಗಿ ಅಮ್ಮ."

"ಆತಿಲ್ಲೆ. ಮನಿಕಂಡ್ರೆ ಉಸ್ರ್ ಕಟ್ಟತ್ತ್."

"ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ತೀರಿ?"

ಒಂದು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನಾನು ಅಭ್ಯಾಸಬಲದಿಂದ ಚೀಲ ಮುಂದೆ ತಳ್ಳಿದೆ. ಅವರು ಅದನ್ನು ಬಿಚ್ಚಲೇ ಇಲ್ಲ. ಅಮ್ಮನ ಸೀರೆಯನ್ನು ಸ್ವಲ್ಪ ಮೇಲೆ ಸರಿಸಿ, ಕಣಕಾಲಿನ ಮುಂದಿನ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದರು. ಬೆರಳು ತೆಗೆದಾಗ ಅಲ್ಲೊಂದು ಗುಳಿ ಇತ್ತು. ಮೂವರೂ ಅದನ್ನೇ ನೋಡುತ್ತ ಕೂತೆವು. ಗುಳಿ ತುಂಬಲಿಲ್ಲ.

"ಹಳತಾಯ್ತ್ ಅಲ್ದಾ?" ಅಂದಳು ಅಮ್ಮ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಆಚೆ ಬಂದು ಕೇಳಿದರೆ, ಮಳೆಗಾಲದಿಂದಲೂ ಮನೆಯಲ್ಲಿ ತಾನೇ ಒತ್ತಿ ನೋಡಿಕೊಳ್ಳುತ್ತಿದ್ದೆ ಅಂದಳು. ಯಾರೂ ಕೇಳಲಿಲ್ಲ, ಹೇಳಲಿಲ್ಲವಂತೆ.

ಆಮೇಲೆ ಕುಂದಾಪುರದಲ್ಲಿ ಎದೆಯ ಸ್ಕ್ಯಾನು. ನಿಜವಾಗಿ ಬೇಕಾಗಿದ್ದ ಸ್ಕ್ಯಾನು ಅದೊಂದೇ. ಪರದೆಯ ಮೇಲೆ ಅಮ್ಮನ ಹೃದಯ ದೊಡ್ಡದಾಗಿ, ಬಹಳ ನಿಧಾನಕ್ಕೆ ಹಿಂಡಿಕೊಳ್ಳುತ್ತಿತ್ತು. ಅದಕ್ಕೆ ಶಕ್ತಿ ಸಾಲುತ್ತಿಲ್ಲ, ಹಾಗಾಗಿ ನೀರು ಕಾಲಿಗೆ ಇಳಿಯುತ್ತಿದೆ ಎಂದರು. ಮಾತ್ರೆ ಬರೆದುಕೊಟ್ಟರು. ಉಪ್ಪು ಕಡಿಮೆ, ಉಪ್ಪಿನಕಾಯಿ ಇಲ್ಲ, ಒಣಮೀನು ಪೂರಾ ಬಂದ್. ದಿನಾ ಬೆಳಿಗ್ಗೆ ಕಾಲು ಒತ್ತಿ ನೋಡಬೇಕು. ಗುಳಿ ಬಿದ್ದರೆ ಅದೇ ದಿನ ಬರಬೇಕು, ತಡ ಮಾಡಿದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ, ಆಗ ಜೀವ ಉಳಿಸುವುದು ಕಷ್ಟ ಎಂದು ಬಿಡಿಸಿ ಹೇಳಿದರು.

ಊತ ಇಳಿಯಿತು. ಅಮ್ಮ ಮತ್ತೆ ಮಲಗಿ ನಿದ್ದೆ ಮಾಡತೊಡಗಿದಳು. ನಾನು ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಫೋನ್ ಮಾಡುತ್ತಿದ್ದೆ. "ಗುಳಿ ಬಿತ್ತಾ?" "ಇಲ್ಲೆ." ಅಷ್ಟೇ ಮಾತು. ನಾಲ್ಕು ತಿಂಗಳು ಹೀಗೇ ನಡೆಯಿತು. ಮೀನಿನ ವಿಷಯದಲ್ಲಿ ಒಂದು ದಿನವೂ ಸುಳ್ಳು ಹೇಳಿದವಳಲ್ಲ, ಹಾಗಾಗಿ ನಂಬಿದೆ.

ಒಂದು ಬೆಳಿಗ್ಗೆ "ಇಲ್ಲೆ" ಅನ್ನುವಷ್ಟಕ್ಕೇ ಅವಳಿಗೆ ಎರಡು ಸಲ ಉಸಿರು ಬೇಕಾಯಿತು. ಕತ್ತರಿ ಅಲ್ಲೇ ಇಟ್ಟು, ಬಾಗಿಲು ಎಳೆದುಕೊಂಡು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ, ಕಾಲನ್ನು ಸೀರೆಯೊಳಗೆ ಮಡಚಿಕೊಂಡು. ಒಳಗಿನಿಂದ ಸುಟ್ಟ ಒಣಮೀನಿನ ವಾಸನೆ. ನಾನು ಏನೂ ಕೇಳದೆ ಕಾಲು ಎಳೆದು ಒತ್ತಿದೆ. ಹೆಬ್ಬೆರಳು ಅರ್ಧ ಉಗುರಿನಷ್ಟು ಒಳಗೆ ಹೋಯಿತು. ತೆಗೆದ ಮೇಲೂ ಅದರ ಗುರುತು ಹಾಗೇ ಕೂತಿತ್ತು.

ಆಗ ನನ್ನ ಬಾಯಿಗೆ ಬಂದದ್ದನ್ನೆಲ್ಲ ಬರೆಯಲಾರೆ. ಗಲಾಟೆ ಕೇಳಿ ಮಾಮ ಓಡಿ ಬಂದವನು, "ಹ್ವಾಯ್, ಚೀಲ ತಕಂಡ್ ಹೋಯ್ನಿ" ಎಂದು ಆ ದರಿದ್ರ ಚೀಲ ಹುಡುಕಲು ಒಳಗೆ ಹೋದ. ರಿಕ್ಷಾ ಕರಿ ಮೊದಲು ಎಂದು ಅವನ ಮೇಲೂ ಹರಿಹಾಯ್ದೆ.

"ನಲ್ವತ್ ವರ್ಷ ಊರಿಗೆಲ್ಲ ಗುಳಿ ಬೀಳತ್ತ್ ಅಂದ್ ಹೇಳಿ ಮೀನ್ ಮಾರ್ದೆ," ಅಂದೆ ಅಮ್ಮನಿಗೆ. "ನಂಗ್ ಎಂತಕ್ ಸುಳ್ಳ್ ಹೇಳ್ದೆ?"

ಅಮ್ಮ ಉಸಿರು ಎಳೆದುಕೊಂಡಳು. ಅವಳಿಗೆ ನಾನು ಕೇಳಿದ್ದೇ ಪೆದ್ದು ಪ್ರಶ್ನೆ ಅನಿಸಿರಬೇಕು.

"ಗಿರಾಕಿಗ್ ಸುಳ್ಳ್ ಹೇಳಿರೆ ನಾಳೆ ಬತ್ರಿಲ್ಲೆ. ನೀನಾರೆ ಹ್ಯಾಂಗೂ ಬತ್ತೆ ಅಲ್ದಾ."

ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡು ನೀರು ಇಳಿಸಿದರು. ಈಗ ನಾನು ಫೋನ್ ಮಾಡುವುದಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ತ್ರಾಸಿಗೆ ಹೋಗಿ, ಬೈದುಕೊಳ್ಳುತ್ತಲೇ ಜಗಲಿ ಹತ್ತುತ್ತೇನೆ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ ಕಾಲು ಚಾಚಿರುತ್ತಾಳೆ.